ಬೂತಿಗೆ 280 ಮತ: ವಿಧಾನಸಭೆಗೆ ಮೊದಲ ಬಾರಿ ನಿಲ್ಲುವವರಿಗೆ ಕೈಪಿಡಿ

ಮೊದಲು ಲೆಕ್ಕ ಹಾಕಿಕೊಳ್ಳಿ. 2023ರ ಚುನಾವಣೆಯಲ್ಲಿ ಕರ್ನಾಟಕದ 224 ಕ್ಷೇತ್ರಗಳಲ್ಲಿ ಒಟ್ಟು ಸುಮಾರು 5.3 ಕೋಟಿ ಮತದಾರರಿದ್ದರು. ಮತಗಟ್ಟೆಗಳು 58 ಸಾವಿರಕ್ಕೂ ಹೆಚ್ಚು. ಸರಾಸರಿ ತೆಗೆದರೆ ಒಂದು ಕ್ಷೇತ್ರಕ್ಕೆ 2.37 ಲಕ್ಷ ಮತದಾರರು, 260 ಬೂತುಗಳು, ಬೂತಿಗೆ 900 ಚಿಲ್ಲರೆ ಹೆಸರು. ಶೇ 73ರಷ್ಟು ಮತದಾನವಾದರೆ ಕ್ಷೇತ್ರದಲ್ಲಿ 1.73 ಲಕ್ಷ ಮತ ಬೀಳುತ್ತವೆ. ತ್ರಿಕೋನ ಸ್ಪರ್ಧೆ ಇರುವಲ್ಲಿ ಶೇ 42–43 ಪಡೆದವರು ಸಾಮಾನ್ಯವಾಗಿ ಗೆಲ್ಲುತ್ತಾರೆ. ಅಂದರೆ 73–74 ಸಾವಿರ ಮತ. ಅದನ್ನು 260 ಬೂತುಗಳಿಗೆ ಹಂಚಿದರೆ ಬೂತಿಗೆ ಸುಮಾರು 280.

ಇನ್ನೊಂದು ಲೆಕ್ಕ ದಿನಗಳದ್ದು. 2023ರಲ್ಲಿ ಏಪ್ರಿಲ್ 13ಕ್ಕೆ ಅಧಿಸೂಚನೆ ಬಂತು. 20ರವರೆಗೆ ನಾಮಪತ್ರ, 21ಕ್ಕೆ ಪರಿಶೀಲನೆ, 24ಕ್ಕೆ ಹಿಂತೆಗೆತ. ಮೇ 10ಕ್ಕೆ ಮತದಾನವಾದ್ದರಿಂದ ಬಹಿರಂಗ ಪ್ರಚಾರ 8ರ ಸಂಜೆಗೇ ನಿಂತಿತು. ಚಿಹ್ನೆ ಕೈಗೆ ಬಂದ ಮೇಲೆ ಪಕ್ಷೇತರರಿಗೆ ಸಿಕ್ಕಿದ್ದು 14 ದಿನ ಮಾತ್ರ. 14 ದಿನದಲ್ಲಿ 260 ಬೂತು ಎಂದರೆ ದಿನಕ್ಕೆ 18ರಿಂದ 19. ಪ್ರಯಾಣವೂ ಸೇರಿ ಒಂದೊಂದಕ್ಕೆ ಅರ್ಧ ಗಂಟೆ ಕೊಟ್ಟರೂ ಒಂಬತ್ತು ಗಂಟೆಗಿಂತ ಹೆಚ್ಚು ಬೇಕು. ಅಭ್ಯರ್ಥಿ ಎಲ್ಲರ ಮನೆ ಬಾಗಿಲಿಗೂ ಹೋಗಲು ಆಗುವುದಿಲ್ಲ ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ. ಹೋಗಲಾರದ ಮನೆಗೆ ಯಾರು ಹೋಗುತ್ತಾರೆ ಎಂಬುದನ್ನು ಗೊತ್ತುಮಾಡುವುದೇ ಪ್ರಚಾರದ ಮುಖ್ಯ ಕೆಲಸ. ಮುಂದಿನ ವಿಧಾನಸಭಾ ಚುನಾವಣೆ 2028ರ ಮೇ ಒಳಗೆ ಆಗಬೇಕು. ನಿಲ್ಲುವ ಮನಸ್ಸಿದ್ದವರು ಕೆಳಗಿನ ಕೆಲಸಗಳನ್ನು ಅದಕ್ಕೆ ಕನಿಷ್ಠ ಒಂದು ವರ್ಷ ಮೊದಲೇ ಹಿಡಿಯಬೇಕು.

ನಮೂನೆ 20 ಮತ್ತು ಮತದಾರರ ಪಟ್ಟಿ

ಹಿಂದಿನ ಚುನಾವಣೆಯಲ್ಲಿ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಮತ ಬಂತು ಎಂಬ ವಿವರ ನಮೂನೆ 20ರಲ್ಲಿ ಇರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಅದು ಉಚಿತ. ಕಳೆದ ಎರಡು ಚುನಾವಣೆಗಳ ನಮೂನೆ 20 ತೆಗೆದು ಬೂತುವಾರು ಒಂದು ಪಟ್ಟಿ ಮಾಡಿ. ಬೂತುಗಳ ಮರುಹೊಂದಾಣಿಕೆಯಲ್ಲಿ ಸಂಖ್ಯೆ ಬದಲಾಗಿರುತ್ತದೆ, ದೊಡ್ಡ ಬೂತು ಒಡೆದಿರುತ್ತದೆ. ಆದ್ದರಿಂದ ಸಂಖ್ಯೆ ನಂಬದೆ ಶಾಲೆ ಮತ್ತು ಊರಿನ ಹೆಸರು ನೋಡಿ ಹೊಂದಿಸಿ. ಆಮೇಲೆ ಬೂತುಗಳನ್ನು ಮೂರು ಪಾಲು ಮಾಡಿ: ನಿಮ್ಮ ಕಡೆಗೆ ಒಲವಿರುವವು, ಪ್ರತಿ ಸಲ ಕೈ ಬದಲಾಯಿಸುವವು, ಒಂದೇ ಪಕ್ಷಕ್ಕೆ ಗಟ್ಟಿಯಾಗಿ ನಿಂತವು. ಅಭ್ಯರ್ಥಿಯ ಸಮಯದ ಅರ್ಧಕ್ಕಿಂತ ಹೆಚ್ಚು ಎರಡನೆಯ ಪಾಲಿಗೆ ಹೋಗಬೇಕು. ಮೊದಲ ಸಲ ನಿಂತವರು ಮಾಡುವ ದೊಡ್ಡ ತಪ್ಪು ಸ್ವಂತ ಊರಿನ ಸುತ್ತಲೇ ತಿರುಗುವುದು. ಅಲ್ಲಿ ಹಾರ ಬೀಳುತ್ತದೆ, ಮಾತಿಗೆ ಜನ ಸೇರುತ್ತಾರೆ. ಆದರೆ ಆ ಮತಗಳು ಮೊದಲೇ ನಿಮ್ಮವು.

ಮತದಾರರ ಪಟ್ಟಿಯ ಒಂದು ಪುಟದಲ್ಲಿ 30 ಹೆಸರು ಇರುತ್ತವೆ. 900 ಹೆಸರಿನ ಬೂತು 30 ಪುಟ. ಹತ್ತು ಜನರ ಬೂತ್ ಸಮಿತಿ ಇದ್ದರೆ ತಲೆಗೆ ಮೂರು ಪುಟ, 90 ಹೆಸರು, ಇಪ್ಪತ್ತು ಚಿಲ್ಲರೆ ಮನೆ. ಒಂದು ಭಾನುವಾರದಲ್ಲಿ ಮುಗಿಯುವ ಕೆಲಸ. ಅವರು ಪ್ರತಿ ಹೆಸರಿನ ಮುಂದೆ ನಾಲ್ಕು ಗುರುತುಗಳಲ್ಲಿ ಒಂದನ್ನು ಹಾಕಬೇಕು: ನಮ್ಮವರು, ಯೋಚನೆಯಲ್ಲಿರುವವರು, ಬೇರೆಯವರು, ಊರಲ್ಲಿ ಇಲ್ಲದವರು. ನಾಲ್ಕನೆಯದನ್ನು ಯಾರೂ ಬರೆದಿಡುವುದಿಲ್ಲ, ಬೇಕಾಗುವುದು ಅದೇ. ತೀರಿಕೊಂಡವರು, ಮದುವೆಯಾಗಿ ಹೋದವರು, ಬೆಂಗಳೂರಿಗೋ ಗೋವಾಕ್ಕೋ ದುಡಿಯಲು ಹೋದವರು ಇವರೆಲ್ಲ ಪಟ್ಟಿಯಲ್ಲಿ ಉಳಿದಿರುತ್ತಾರೆ. ದುಡಿಯಲು ಹೋದವರ ಫೋನ್ ನಂಬರ್ ಮನೆಯವರಿಂದ ತೆಗೆದುಕೊಂಡು, ಮತದಾನದ ದಿನಾಂಕ ಘೋಷಣೆಯಾದ ದಿನವೇ ಕರೆ ಮಾಡಿ ರಜೆ ಕೇಳಿಕೊಳ್ಳಲು ಹೇಳಿ. ಅವರನ್ನು ಕರೆತರಲು ನೀವು ಬಸ್ ಮಾಡಿಸಿದರೆ ಅದು ಪ್ರಜಾಪ್ರತಿನಿಧಿ ಕಾಯ್ದೆ 1951ರ ಸೆಕ್ಷನ್ 123(5)ರ ಭ್ರಷ್ಟಾಚರಣೆಯ ಆರೋಪಕ್ಕೆ ದಾರಿ. ಆ ದಾರಿಗೆ ಇಳಿಯಬೇಡಿ.

ಹೆಸರು ಇಲ್ಲದವರಿಗೆ ನಮೂನೆ 6, ಇರಬಾರದ ಹೆಸರಿಗೆ ಆಕ್ಷೇಪಣೆ ನಮೂನೆ 7, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಗೆ ನಮೂನೆ 8. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1 ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ; ಆ ದಿನಕ್ಕೆ 18 ತುಂಬಿದವರು ಹೆಸರು ಸೇರಿಸಬಹುದು. ನಾಮಪತ್ರದ ಕೊನೆಯ ದಿನಕ್ಕೆ ಸುಮಾರು ಹತ್ತು ದಿನ ಮೊದಲೇ ಅರ್ಜಿ ಹೋಗಿರಬೇಕು; ತಡವಾದವು ಆ ಚುನಾವಣೆಗೆ ಉಪಯೋಗಕ್ಕೆ ಬರುವುದಿಲ್ಲ. ಇಂಥ ಅರ್ಜಿಗಳನ್ನು ಒಟ್ಟಿಗೆ ತಂದುಕೊಡುವ ಬೂತ್ ಮಟ್ಟದ ಏಜೆಂಟರನ್ನು ನೇಮಿಸುವ ಅವಕಾಶ ಮಾನ್ಯತೆ ಪಡೆದ ಪಕ್ಷಗಳಿಗೆ ಮಾತ್ರ. ಪಕ್ಷೇತರರು ಆ ಊರಿನ ಮತದಾರರಿಂದಲೇ ಅರ್ಜಿ ಹಾಕಿಸಬೇಕು.

ಒಂದು ಮತಕ್ಕೆ ಏನು ಬೆಲೆ ಎಂದು ಕಾರ್ಯಕರ್ತರು ಕೇಳಿದರೆ ಎರಡು ಊರಿನ ಹೆಸರು ಹೇಳಿ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ 40,752 ಮತ, ಎ.ಆರ್. ಕೃಷ್ಣಮೂರ್ತಿ 40,751 ಮತ ಪಡೆದರು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಸಿ.ಕೆ. ರಾಮಮೂರ್ತಿ ಗೆದ್ದದ್ದು 16 ಮತಗಳಿಂದ.

ನಾಮಪತ್ರ

ಪ್ರಚಾರಕ್ಕೆ ತಿಂಗಳುಗಟ್ಟಲೆ ಬೆವರು ಸುರಿಸಿ ಪರಿಶೀಲನೆಯ ದಿನ ನಾಮಪತ್ರ ತಿರಸ್ಕೃತವಾದರೆ ಎಲ್ಲವೂ ಅಲ್ಲಿಗೆ ಮುಗಿಯಿತು. ಈ ಭಾಗವನ್ನು ವಕೀಲರ ಜೊತೆ ಕೂತು ಎರಡು ಸಲ ಓದಿ.

ವಯಸ್ಸು 25 ತುಂಬಿರಬೇಕು. ರಾಜ್ಯದ ಯಾವುದಾದರೂ ಒಂದು ವಿಧಾನಸಭಾ ಕ್ಷೇತ್ರದ ಮತದಾರರಾಗಿದ್ದರೆ ಸಾಕು. ನಿಲ್ಲುವ ಕ್ಷೇತ್ರದವರೇ ಆಗಬೇಕಿಲ್ಲ. ಆದರೆ ಬೇರೆ ಕ್ಷೇತ್ರದವರಾದರೆ ನಿಮ್ಮ ಹೆಸರಿರುವ ಮತದಾರರ ಪಟ್ಟಿಯ ದೃಢೀಕೃತ ಪ್ರತಿಯನ್ನು ಪರಿಶೀಲನೆಯ ಹೊತ್ತಿಗೆ ತೋರಿಸಲೇಬೇಕು. ನಾಮಪತ್ರ ನಮೂನೆ 2ಬಿಯಲ್ಲಿ, ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರೊಳಗೆ. ಕಚೇರಿಯ 100 ಮೀಟರ್ ಒಳಗೆ ಮೂರೇ ವಾಹನ, ಒಳಕ್ಕೆ ಅಭ್ಯರ್ಥಿಯ ಜೊತೆ ನಾಲ್ಕೇ ಜನ. ಠೇವಣಿ ₹10,000, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ₹5,000. ಮೀಸಲು ಕ್ಷೇತ್ರಗಳು ರಾಜ್ಯದಲ್ಲಿ 51 (ಪರಿಶಿಷ್ಟ ಜಾತಿಗೆ 36, ಪಂಗಡಕ್ಕೆ 15); ಅಲ್ಲಿ ನಿಲ್ಲುವವರು ಜಾತಿ ಪ್ರಮಾಣಪತ್ರವನ್ನು ಮೊದಲೇ ಇಟ್ಟುಕೊಳ್ಳಬೇಕು.

ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ (ಅಭ್ಯರ್ಥಿಯ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು) ಸಾಕು. ಪಕ್ಷೇತರರಿಗೂ ಮಾನ್ಯತೆ ಇಲ್ಲದ ನೋಂದಾಯಿತ ಪಕ್ಷದವರಿಗೂ ಹತ್ತು ಸೂಚಕರು ಬೇಕು, ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ಇಲ್ಲಿಯೇ ಹೆಚ್ಚು ಎಡವುವುದು. ಒಬ್ಬರ ಹೆಸರು ಪಕ್ಕದ ಕ್ಷೇತ್ರದ ಪಟ್ಟಿಯಲ್ಲಿದೆ ಎಂದು ತಿಳಿಯುವುದು ಪರಿಶೀಲನೆಯ ಮೇಜಿನ ಮುಂದೆ. ಸೂಚಕರ ಭಾಗ ಸಂಖ್ಯೆ, ಕ್ರಮ ಸಂಖ್ಯೆಯನ್ನು ಇತ್ತೀಚಿನ ಪಟ್ಟಿಯಿಂದಲೇ ಬರೆದುಕೊಳ್ಳಿ. ಹಳೆಯ ಗುರುತಿನ ಚೀಟಿ ನೋಡಿ ಬರೆಯಬೇಡಿ. ಹೆಬ್ಬೆಟ್ಟು ಒತ್ತುವ ಸೂಚಕರಿದ್ದರೆ ಅವರು ಚುನಾವಣಾಧಿಕಾರಿ ಅಥವಾ ಅಧಿಕೃತ ಅಧಿಕಾರಿಯ ಎದುರೇ ಒತ್ತಬೇಕು. ಒಬ್ಬ ಅಭ್ಯರ್ಥಿ ಒಂದು ಕ್ಷೇತ್ರಕ್ಕೆ ನಾಲ್ಕು ನಾಮಪತ್ರದವರೆಗೆ ಸಲ್ಲಿಸಬಹುದು, ಠೇವಣಿ ಒಂದೇ. ಹಾಗಾಗಿ ಕನಿಷ್ಠ ಎರಡು ಹಾಕಿ, ಎರಡನೆಯದಕ್ಕೆ ಬೇರೆಯೇ ಹತ್ತು ಸೂಚಕರಿರಲಿ. ಕೊನೆಯ ದಿನಕ್ಕೆ ಕಾಯದಿದ್ದರೆ ಕೊರತೆ ಕಂಡಾಗ ಸರಿಪಡಿಸಲು ದಿನ ಉಳಿಯುತ್ತದೆ. ಪಕ್ಷದಿಂದ ನಿಲ್ಲುವವರು ಆ ಪಕ್ಷದ ಅಧಿಕೃತ ಅಭ್ಯರ್ಥಿ ಎಂದು ತಿಳಿಸುವ ನಮೂನೆ ಎ ಮತ್ತು ಬಿ ಕೊನೆಯ ದಿನದ 3 ಗಂಟೆಯೊಳಗೆ ತಲುಪಬೇಕು, ಶಾಯಿಯಲ್ಲಿ ಹಾಕಿದ ಅಸಲು ಸಹಿಯೇ ಇರಬೇಕು, ಜೆರಾಕ್ಸ್ ನಡೆಯುವುದಿಲ್ಲ.

ನಮೂನೆ 26 ಪ್ರಮಾಣಪತ್ರ ಅಥವಾ ಅಫಿಡವಿಟ್. ನೀವು, ನಿಮ್ಮ ಪತಿ ಅಥವಾ ಪತ್ನಿ, ಅವಿಭಕ್ತ ಕುಟುಂಬ, ಅವಲಂಬಿತರು ಎಲ್ಲರ ಆಸ್ತಿ, ಸಾಲ, ಕಳೆದ ಐದು ವರ್ಷದ ಆದಾಯ ತೆರಿಗೆ ವಿವರ, ನಿಮ್ಮ ಮೇಲಿನ ಪ್ರಕರಣಗಳು, ಸಾಮಾಜಿಕ ಜಾಲತಾಣದ ಖಾತೆಗಳು ಎಲ್ಲವನ್ನೂ ಬರೆಯಬೇಕು. ಒಂದು ಕಲಂ ಕೂಡ ಖಾಲಿ ಬಿಡಬೇಡಿ. ಇಲ್ಲದಿದ್ದರೆ "ಇಲ್ಲ" ಅಥವಾ "ಅನ್ವಯಿಸುವುದಿಲ್ಲ" ಎಂದು ಬರೆಯಿರಿ. ಖಾಲಿ ಬಿಟ್ಟ ಅಫಿಡವಿಟ್ಟನ್ನು, ಸೂಚನೆ ಕೊಟ್ಟ ಮೇಲೂ ತುಂಬದಿದ್ದರೆ, ತಿರಸ್ಕರಿಸಬಹುದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಕಳೆದ ಹತ್ತು ವರ್ಷದಲ್ಲಿ ಸರ್ಕಾರಿ ವಸತಿಯಲ್ಲಿ ಇದ್ದವರು ಬಾಡಿಗೆ, ನೀರು, ವಿದ್ಯುತ್, ದೂರವಾಣಿ ಬಾಕಿ ಇಲ್ಲವೆಂಬ ಪತ್ರ ತರಬೇಕು. ಇಲಾಖೆಯಿಂದ ಅದು ಬರಲು ವಾರಗಳೇ ಹಿಡಿಯುತ್ತವೆ, ತಿಂಗಳ ಮೊದಲೇ ಅರ್ಜಿ ಕೊಟ್ಟಿರಿ.

ನಾಮಪತ್ರ ಕೊಟ್ಟ ಮೇಲೆ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣವಚನ ತೆಗೆದುಕೊಳ್ಳುವುದನ್ನು ಮರೆತು ತಿರಸ್ಕೃತರಾದವರಿದ್ದಾರೆ. ಪರಿಶೀಲನೆಯ ಹಿಂದಿನ ದಿನದೊಳಗೆ ಅದು ಮುಗಿದಿರಬೇಕು. ನಾಮಪತ್ರ ಕೊಟ್ಟ ಕೂಡಲೇ ಅದೇ ಮೇಜಿನ ಮುಂದೆ ತೆಗೆದುಕೊಂಡು, ತೆಗೆದುಕೊಂಡಿದ್ದಕ್ಕೆ ದಾಖಲೆ ಪತ್ರ ಪಡೆಯಿರಿ.

ಚಿಹ್ನೆಯ ವಿಷಯ. ಪಕ್ಷೇತರರು ಮುಕ್ತ ಚಿಹ್ನೆಗಳ ಪಟ್ಟಿಯಿಂದ ಮೂರನ್ನು ಆದ್ಯತೆಯ ಕ್ರಮದಲ್ಲಿ ಬರೆಯಬೇಕು. ಮುದುಕರೂ ಮಕ್ಕಳೂ ಒಂದೇ ಮಾತಿನಲ್ಲಿ ಹೇಳಬಹುದಾದ, ಕಪ್ಪು ಬಿಳುಪಿನಲ್ಲಿ ಸಣ್ಣದಾಗಿ ಅಚ್ಚಾದರೂ ಗುರುತು ಸಿಗುವ ವಸ್ತುವನ್ನು ಆರಿಸಿ. ಮತಯಂತ್ರದಲ್ಲಿ ಮಾನ್ಯತೆ ಪಡೆದ ಪಕ್ಷಗಳು ಮೊದಲು, ನೋಂದಾಯಿತ ಪಕ್ಷಗಳು ಆಮೇಲೆ, ಪಕ್ಷೇತರರು ಕೊನೆಗೆ. ಪ್ರತಿ ಗುಂಪಿನೊಳಗೆ ಕನ್ನಡ ಅಕ್ಷರಮಾಲೆಯ ಕ್ರಮ. ಒಂದು ಯಂತ್ರದಲ್ಲಿ ನೋಟಾ ಸೇರಿ 16 ಸಾಲು. ಅಭ್ಯರ್ಥಿಗಳು ಹೆಚ್ಚಾದರೆ ಪಕ್ಷೇತರರ ಹೆಸರು ಎರಡನೆಯ ಯಂತ್ರಕ್ಕೆ ಹೋಗುತ್ತದೆ. ಆಗ ಕರಪತ್ರದಲ್ಲಿ "ಎರಡನೇ ಯಂತ್ರ, ಇಷ್ಟನೇ ಸಾಲು" ಎಂದು ದಪ್ಪಕ್ಷರದಲ್ಲಿ ಅಚ್ಚಾಗಲೇಬೇಕು. ನಿಮ್ಮದೇ ಹೆಸರಿನ ಇನ್ನೊಬ್ಬರನ್ನು ಎದುರಾಳಿಗಳು ನಿಲ್ಲಿಸುವುದು ಹಳೆಯ ತಂತ್ರ. ಊರವರು ಕರೆಯುವ ಹೆಸರು ಬೇರೆ ಇದ್ದರೆ ಅದು ಸೇರಬೇಕೆಂದು ಚುನಾವಣಾಧಿಕಾರಿಗೆ ಲಿಖಿತವಾಗಿ ಕೇಳಿ. ಭಾವಚಿತ್ರವೂ ಇರುವುದರಿಂದ ಪೋಸ್ಟರಿನಲ್ಲಿ ಮತ್ತು ಯಂತ್ರದಲ್ಲಿ ಒಂದೇ ಚಿತ್ರ ಬಳಸಿ. ಚಿತ್ರ ಮೂರು ತಿಂಗಳ ಒಳಗಿನದು, ಬಿಳಿ ಹಿನ್ನೆಲೆಯದು ಇರಬೇಕು. ಟೋಪಿ, ಕಪ್ಪು ಕನ್ನಡಕ ಬೇಡ.

ಕ್ರಿಮಿನಲ್ ಪ್ರಕರಣಗಳಿರುವ ಅಭ್ಯರ್ಥಿ ಅವುಗಳ ವಿವರವನ್ನು ನಮೂನೆ ಸಿ1ರಲ್ಲಿ ಪತ್ರಿಕೆ ಮತ್ತು ಟಿವಿಯಲ್ಲಿ ಮೂರು ಸಲ ಪ್ರಕಟಿಸಬೇಕು: ಹಿಂತೆಗೆತದ ಕೊನೆಯ ದಿನದ ನಂತರದ ಮೊದಲ ನಾಲ್ಕು ದಿನದಲ್ಲಿ ಒಮ್ಮೆ, 5ರಿಂದ 8ನೇ ದಿನದಲ್ಲಿ ಒಮ್ಮೆ, 9ನೇ ದಿನದಿಂದ ಪ್ರಚಾರ ಮುಗಿಯುವವರೆಗೆ ಒಮ್ಮೆ. ಇದರ ಖರ್ಚೂ ನಿಮ್ಮ ಲೆಕ್ಕಕ್ಕೆ.

ಹಣ ಮತ್ತು ಲೆಕ್ಕ

ಕರ್ನಾಟಕದಲ್ಲಿ ಅಭ್ಯರ್ಥಿಯ ವೆಚ್ಚದ ಮಿತಿ ₹40 ಲಕ್ಷ. ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶದ ದಿನದವರೆಗೆ, ಎರಡೂ ದಿನ ಸೇರಿ, ಮಾಡಿದ ಖರ್ಚೆಲ್ಲ ಅದರೊಳಗೆ ಬರಬೇಕು. ಮೊದಲೇ ಅಚ್ಚು ಹಾಕಿಸಿಟ್ಟ ಸಾಮಗ್ರಿಯನ್ನು ಈ ಅವಧಿಯಲ್ಲಿ ಬಳಸಿದರೆ ಅದೂ ಸೇರುತ್ತದೆ.

ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ಚುನಾವಣೆಗೆಂದೇ ಹೊಸ ಬ್ಯಾಂಕ್ ಖಾತೆ ತೆರೆಯಿರಿ. ಹಣ ಎಲ್ಲಿಂದ ಬಂದರೂ ಮೊದಲು ಆ ಖಾತೆಗೆ, ಆಮೇಲೆ ಖರ್ಚಿಗೆ. ಇಡೀ ಚುನಾವಣೆಯಲ್ಲಿ ಒಬ್ಬ ವ್ಯಕ್ತಿಗೆ ಅಥವಾ ಒಂದು ಅಂಗಡಿಗೆ ನಗದಾಗಿ ಕೊಡಬಹುದಾದದ್ದು ಒಟ್ಟು ₹10,000. ಅದಕ್ಕಿಂತ ಹೆಚ್ಚಾದರೆ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ. ಶಾಮಿಯಾನದವರಿಗೆ ಮೂರು ಸಲ ನಾಲ್ಕು ನಾಲ್ಕು ಸಾವಿರ ನಗದು ಕೊಟ್ಟರೂ ನಿಯಮ ಮುರಿದಂತೆಯೇ. ವಾಹನದಲ್ಲಿ ₹50,000ಕ್ಕಿಂತ ಹೆಚ್ಚು ನಗದು ಸಿಕ್ಕರೆ ಚೆಕ್‌ಪೋಸ್ಟಿನ ತಂಡ ವಶಪಡಿಸಿಕೊಳ್ಳುತ್ತದೆ.

ಲೆಕ್ಕದ ಪುಸ್ತಕ ಚುನಾವಣಾಧಿಕಾರಿಯೇ ಕೊಡುತ್ತಾರೆ. ಮೂರು ಭಾಗ: ದಿನವಹಿ ಲೆಕ್ಕಕ್ಕೆ ಬಿಳಿ ಹಾಳೆ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಪ್ರಚಾರದ ಅವಧಿಯಲ್ಲಿ ಮೂರು ಸಲ ವೆಚ್ಚ ವೀಕ್ಷಕರ ಮುಂದೆ ಹಾಜರುಪಡಿಸಬೇಕು. ಅವರ ಬಳಿ ನಿಮ್ಮದೇ ಕಾರ್ಯಕ್ರಮಗಳ ವಿಡಿಯೊ ನೋಡಿ ಬರೆದ ನೆರಳು ಲೆಕ್ಕ ಇರುತ್ತದೆ. ಕುರ್ಚಿ, ಶಾಮಿಯಾನ, ಧ್ವನಿವರ್ಧಕ, ಊಟ, ಚಹಾ, ಹಾರ ಎಲ್ಲಕ್ಕೂ ಜಿಲ್ಲಾ ಚುನಾವಣಾಧಿಕಾರಿ ಮೊದಲೇ ದರಪಟ್ಟಿ ಹೊರಡಿಸಿರುತ್ತಾರೆ. ಪುಕ್ಕಟೆ ಸಿಕ್ಕ ಶಾಮಿಯಾನವನ್ನೂ ಆ ದರದಲ್ಲಿ ಬರೆಯಬೇಕು. ನೀವು 200 ಕುರ್ಚಿ ಬರೆದು ವಿಡಿಯೊದಲ್ಲಿ 500 ಕಂಡರೆ ನೋಟಿಸ್ ಬರುತ್ತದೆ. ತಾರಾ ಪ್ರಚಾರಕರ ಸಭೆಯಲ್ಲಿ ವೇದಿಕೆ ಹಂಚಿಕೊಂಡರೆ ಆ ಸಭೆಯ ಖರ್ಚಿನ ಪಾಲೂ ನಿಮ್ಮದೇ.

ಲೆಕ್ಕಕ್ಕೆ ಒಬ್ಬರೇ ಇರಲಿ, ಅವರಿಗೆ ಬೇರೆ ಕೆಲಸ ಕೊಡಬೇಡಿ. ಸೊಸೈಟಿಯ ನಿವೃತ್ತ ಕಾರ್ಯದರ್ಶಿಯಂಥವರು ಈ ಕೆಲಸಕ್ಕೆ ಬಹಳ ಸೂಕ್ತ. ಪ್ರತಿ ರಾತ್ರಿ ಚೀಟಿ, ಬಿಲ್ಲು ಸೇರಿಸದೆ ಅವರು ಮಲಗಬಾರದು.

ಕಡಿಮೆ ಹಣ ಇದ್ದವರಿಗೆ ಒಂದು ಮಾತು: ಮತದಾನದ ದಿನದ ಹಣವನ್ನು ಮೊದಲೇ ಎತ್ತಿಡಿ. ಬೂತಿನ ಒಳಗಿನ ಏಜೆಂಟ್, ಬದಲಿ ಇಬ್ಬರು, ಹೊರಗಿನ ಮೇಜಿಗೆ ಇಬ್ಬರು ಎಂದರೆ ಬೂತಿಗೆ ಐದು, ಒಟ್ಟು 1,300 ಜನ. ತಲೆಗೆ ₹150ರಂತೆ ತಿಂಡಿ, ಊಟ ಎಂದು ಹಿಡಿದರೂ ₹1.95 ಲಕ್ಷ. ಮೊದಲ ವಾರದ ಉತ್ಸಾಹದಲ್ಲಿ ವಾಹನ, ಹಾರ, ಮೆರವಣಿಗೆಗೆ ಎಲ್ಲ ಸುರಿದು ಕೊನೆಗೆ ಬೂತಿನಲ್ಲಿ ಕೂರಲು ಜನರಿಲ್ಲದೆ ಸೋತ ಪ್ರಚಾರಗಳು ಪ್ರತಿ ಚುನಾವಣೆಯಲ್ಲೂ ಇರುತ್ತವೆ. ಕೈಯಲ್ಲಿರುವ ಒಟ್ಟು ಹಣದ ಐದರಲ್ಲಿ ಒಂದು ಪಾಲನ್ನು ಬೂತಿಗೆಂದೇ ಮುಟ್ಟದೆ ಇಡಿ.

ಸೀರೆ, ಕುಕ್ಕರ್, ನೋಟು ಹಂಚುವ ಬಗ್ಗೆ: ಅದು ಲಂಚ, ಆಯ್ಕೆಯೇ ರದ್ದಾಗುವ ಭ್ರಷ್ಟಾಚರಣೆ. ಕಾನೂನು ಒತ್ತಟ್ಟಿಗಿರಲಿ, ಹಣ ಹಂಚಲು ಹೊರಟ ಕಾರ್ಯಕರ್ತನ ಗಮನ ಮತದಾರರ ಪಟ್ಟಿಯಿಂದ ಹಣದ ಕಡೆ ಹೊರಳುತ್ತದೆ. ಯಾರಿಗೆ ಕೊಟ್ಟರು, ಯಾರಿಗೆ ಬಿಟ್ಟರು ಎಂಬ ಜಗಳ ಬೂತ್ ಸಮಿತಿಯನ್ನೇ ಒಡೆಯುತ್ತದೆ. ಎದುರಾಳಿ ಹಂಚುತ್ತಿದ್ದರೆ ಚುನಾವಣಾ ಆಯೋಗದ ದೂರಿನ ಸಿ-ವಿಜಿಲ್ ಆ್ಯಪ್‌ನಲ್ಲಿ ಸ್ಥಳದಿಂದಲೇ ಫೋಟೊ ಅಥವಾ ವಿಡಿಯೊ ಹಾಕಿ; 100 ನಿಮಿಷದಲ್ಲಿ ಕ್ರಮ ಎಂಬುದು ಆಯೋಗದ ಗುರಿ. ಗ್ಯಾಲರಿಯಲ್ಲಿರುವ ಹಳೆಯ ವಿಡಿಯೊ ಅದರಲ್ಲಿ ಹೋಗುವುದಿಲ್ಲ.

ಆ ಹದಿನಾಲ್ಕು ದಿನ

ಏಪ್ರಿಲ್–ಮೇ ಬಿಸಿಲಿನಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಯಾರೂ ಮಾತು ಕೇಳುವುದಿಲ್ಲ. ಕಲಬುರಗಿ, ರಾಯಚೂರಿನ ಕಡೆ ಬಾಗಿಲೂ ತೆರೆಯುವುದಿಲ್ಲ. ಬೆಳಿಗ್ಗೆ ಆರಕ್ಕೆ ಹಾಲಿನ ಡೈರಿ ಮುಂದೆ ನಿಂತರೆ ಅರ್ಧ ಊರು ಅಲ್ಲೇ ಸಿಗುತ್ತದೆ. ಅಲ್ಲಿಂದ ಒಂಬತ್ತೂವರೆವರೆಗೆ ಓಣಿಗಳಲ್ಲಿ ನಡಿಗೆ, ಆಮೇಲೆ ಸಂತೆ ಇದ್ದ ದಿನ ಸಂತೆ, ಇಲ್ಲದ ದಿನ ಹೋಬಳಿ ಕೇಂದ್ರದ ಅಂಗಡಿಗಳು. ಮಧ್ಯಾಹ್ನ ಫೋನು ಮತ್ತು ಬೂತ್ ಸಮಿತಿಯವರ ಜೊತೆ ಮಾತು. ನಾಲ್ಕರಿಂದ ಮತ್ತೆ ಹಳ್ಳಿಗಳು. ಅರಳಿಕಟ್ಟೆಯ ಸಭೆ ಒಂಬತ್ತೂವರೆಗೆ ಮುಗಿಯಲಿ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮೈಕ್ ನಿಷೇಧ. ಊರಿನ ಮುಖಂಡರ ಮನೆಯಲ್ಲಿ ಕಾಫಿ ಕುಡಿದು ಹೊರಟುಬಿಡಬೇಡಿ. ಮೊದಲು ಊರ ಕೊನೆಯ ಕೇರಿಗೆ, ಹಟ್ಟಿಗೆ, ಕಾಲೊನಿಗೆ ಹೋಗಿ, ಆಮೇಲೆ ಒಳಗೆ ಬನ್ನಿ. ಕೊನೆಗೆ ಹೋಗುತ್ತೇವೆ ಎಂದುಕೊಂಡ ಕೇರಿಗೆ ಸಮಯ ಸಾಲುವುದೇ ಇಲ್ಲ, ಅಲ್ಲಿಯವರು ಅದನ್ನು ಮರೆಯುವುದೂ ಇಲ್ಲ.

ಸಭೆ, ಮೆರವಣಿಗೆ, ವಾಹನ, ಮೈಕ್ ಎಲ್ಲಕ್ಕೂ ಅನುಮತಿ ಬೇಕು. ಚುನಾವಣಾ ಆಯೋಗದ ಆನ್‌ಲೈನ್ ಸುವಿಧಾ ವ್ಯವಸ್ಥೆಯಲ್ಲಿ ಕನಿಷ್ಠ 48 ಗಂಟೆ ಮೊದಲು ಅರ್ಜಿ ಹಾಕಿ. ಮೈದಾನ ಮೊದಲು ಕೇಳಿದವರಿಗೆ, ಆದ್ದರಿಂದ ಕೊನೆಯ ಮೂರು ದಿನದ ಜಾಗಗಳನ್ನು ಮೊದಲ ದಿನವೇ ಕೇಳಿಡಿ. ವಾಹನದ ಅನುಮತಿ ಪತ್ರದ ಅಸಲು ಪ್ರತಿ ಮುಂದಿನ ಗಾಜಿನ ಮೇಲೆ ಇರಬೇಕು. ಅನುಮತಿ ಪಡೆದ ವಾಹನ ಕೆಟ್ಟು ನಿಂತರೆ ಅಥವಾ ಬೇಡವಾದರೆ ಅನುಮತಿಯನ್ನು ಬರೆದುಕೊಟ್ಟು ಹಿಂದಿರುಗಿಸಿ. ಇಲ್ಲದಿದ್ದರೆ ಅದು ಪ್ರತಿದಿನ ಓಡಿದಂತೆ ನಿಮ್ಮ ಖರ್ಚಿಗೆ ಸೇರುತ್ತದೆ.

ಮನೆಗೆ ನಾಲ್ಕು ಮತದಾರರು ಎಂದು ಹಿಡಿದರೆ ಕ್ಷೇತ್ರದಲ್ಲಿ ಸುಮಾರು 60 ಸಾವಿರ ಮನೆ. ಕರಪತ್ರ ಎರಡು ಸುತ್ತು: ಮೊದಲ ವಾರ ವಿಷಯ ಹೇಳುವುದು, ಕೊನೆಯ ಮೂರು ದಿನ ಚಿಹ್ನೆ ಮತ್ತು ಸಾಲು ಸಂಖ್ಯೆ ತೋರಿಸುವುದು. 1.2 ಲಕ್ಷ ಹಾಳೆ ಸಾಕು. ಪ್ರತಿ ಹಾಳೆಯಲ್ಲೂ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ, ಪ್ರತಿಗಳ ಸಂಖ್ಯೆ ಇರಬೇಕು. ಪ್ರಕಾಶಕರ ಘೋಷಣೆಗೆ ಪರಿಚಿತ ಇಬ್ಬರ ದೃಢೀಕರಣ ಬೇಕು. ಇವಿಲ್ಲದೆ ಅಚ್ಚು ಹಾಕಿದರೆ ಸೆಕ್ಷನ್ 127ಎ ಪ್ರಕಾರ ಆರು ತಿಂಗಳವರೆಗೆ ಜೈಲು, ₹2,000ವರೆಗೆ ದಂಡ, ಅಥವಾ ಎರಡೂ. ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧದಲ್ಲಿದೆ, ಬಟ್ಟೆ ಬ್ಯಾನರ್ ಮಾಡಿಸಿ. ಸರ್ಕಾರಿ ಗೋಡೆ, ಕಂಬ, ಸೇತುವೆ ಮುಟ್ಟಬೇಡಿ.

ಟಿವಿ, ಕೇಬಲ್, ರೇಡಿಯೊ, ಸಾಮಾಜಿಕ ಜಾಲತಾಣದ ಜಾಹೀರಾತಿಗೆ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಪೂರ್ವಾನುಮತಿ ಬೇಕು, ಅರ್ಜಿ ಮೂರು ದಿನ ಮೊದಲು. ಪತ್ರಿಕಾ ಜಾಹೀರಾತಿಗೆ ಸಾಮಾನ್ಯವಾಗಿ ಬೇಡ, ಆದರೆ ಮತದಾನದ ದಿನ ಮತ್ತು ಹಿಂದಿನ ದಿನದ ಪತ್ರಿಕೆಗೆ ಬೇಕು.

ಏನು ಹೇಳಬೇಕು? ಶಾಸಕರಾದವರು ಮಾಡಬಲ್ಲದ್ದನ್ನು. ಬಗರ್‌ಹುಕುಂ ಸಾಗುವಳಿಯ (ಸರ್ಕಾರಿ ಜಮೀನನ್ನು ಮಂಜೂರಾತಿ ಇಲ್ಲದೆ ಉಳುವುದು) ನಮೂನೆ 50, 53, 57ರ ಅರ್ಜಿಗಳನ್ನು ತೀರ್ಮಾನಿಸುವ ತಾಲ್ಲೂಕು ಸಮಿತಿಯ ಅಧ್ಯಕ್ಷರು ಶಾಸಕರು. ನಿವೇಶನ, ಮನೆ ಹಂಚಿಕೆಯ ಆಶ್ರಯ ಸಮಿತಿಯಲ್ಲೂ, ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ತಾಲ್ಲೂಕು ಕೆಡಿಪಿ ಸಭೆಯಲ್ಲೂ ಅವರ ಮಾತು ನಡೆಯುತ್ತದೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ ₹2 ಕೋಟಿ. 260 ಬೂತಿಗೆ ಹಂಚಿದರೆ ಒಂದಕ್ಕೆ ₹77 ಸಾವಿರವೂ ಆಗುವುದಿಲ್ಲ. ಪ್ರತಿ ಊರಲ್ಲೂ ಸಮುದಾಯ ಭವನ ಎಂದು ಹೇಳುವ ಮೊದಲು ಈ ಭಾಗಾಕಾರ ಮಾಡಿ. ಇಂತಿಷ್ಟು ತಿಂಗಳಲ್ಲಿ ಬಗರ್‌ಹುಕುಂ ಸಮಿತಿಯ ಸಭೆ ಕರೆಯುತ್ತೇನೆ, ಬಾಕಿ ಅರ್ಜಿಗಳ ಪಟ್ಟಿಯನ್ನು ಹೋಬಳಿವಾರು ಹಾಕಿಸುತ್ತೇನೆ ಎಂಬ ಮಾತಿಗೆ ರೈತರು ತಲೆ ಎತ್ತಿ ನೋಡುತ್ತಾರೆ, ಏಕೆಂದರೆ ಅದು ಅವರ ಜೇಬಿನಲ್ಲಿರುವ ಸ್ವೀಕೃತಿ ಚೀಟಿಯ ವಿಷಯ. ಜಾತಿ, ಧರ್ಮದ ಹೆಸರಲ್ಲಿ ಮತ ಕೇಳುವುದು ಸೆಕ್ಷನ್ 123(3)ರಲ್ಲಿ ಭ್ರಷ್ಟಾಚರಣೆ. ಮಠ, ಮಸೀದಿ, ಚರ್ಚು, ದೇವಸ್ಥಾನದ ಆವರಣ ಪ್ರಚಾರದ ವೇದಿಕೆ ಆಗಬಾರದು.

85 ದಾಟಿದವರು ಮತ್ತು ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವಿಕಲತೆ ಇರುವವರು ಮನೆಯಿಂದ ಮತ ಹಾಕಬಹುದು. ಅಧಿಸೂಚನೆಯಾದ ಐದು ದಿನದೊಳಗೆ ನಮೂನೆ 12ಡಿ ಕೊಟ್ಟಿರಬೇಕು. ಅಧಿಕಾರಿಗಳು ಮನೆಗೆ ಬರುವ ವೇಳಾಪಟ್ಟಿಯನ್ನು ಅಭ್ಯರ್ಥಿಗಳಿಗೆ ಕೊಡುತ್ತಾರೆ, ಜೊತೆಗೆ ನಿಮ್ಮ ಪ್ರತಿನಿಧಿಯನ್ನು ಕಳಿಸಿ. ಹೊಸಬರು ಈ ಮತಗಳನ್ನು ಪೂರ್ತಿ ಕಡೆಗಣಿಸುತ್ತಾರೆ.

ಕೊನೆಯ 48 ಗಂಟೆ ಮತ್ತು ಮತದಾನ

ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲು ಮೈಕು, ಸಭೆ, ಮೆರವಣಿಗೆ ನಿಲ್ಲಬೇಕು. ಕ್ಷೇತ್ರದ ಮತದಾರರಲ್ಲದ ಪ್ರಚಾರಕರು ಹೊರಡಬೇಕು. ಗುಂಪು ಕಟ್ಟದೆ ಮನೆ ಮನೆಗೆ ಹೋಗಬಹುದು. ಈ ಹೊತ್ತಿನಲ್ಲಿ ಬೂತ್ ಸಮಿತಿಯವರು ಹಿಡಿಯಬೇಕಾದದ್ದು ಪಟ್ಟಿಯಲ್ಲಿ "ಯೋಚನೆಯಲ್ಲಿರುವವರು" ಎಂದು ಗುರುತಾದ ಹೆಸರುಗಳನ್ನು ಮಾತ್ರ. ಹಂಚುವ ಮತದಾರರ ಚೀಟಿ ಬಿಳಿ ಹಾಳೆಯಲ್ಲಿರಬೇಕು, ಅದರ ಮೇಲೆ ಅಭ್ಯರ್ಥಿಯ ಹೆಸರಾಗಲಿ ಚಿಹ್ನೆಯಾಗಲಿ ಇರಬಾರದು.

ಮತಗಟ್ಟೆ ಏಜೆಂಟರ ನೇಮಕ ನಮೂನೆ 10ರಲ್ಲಿ. ಬೂತಿಗೆ ಒಬ್ಬರು ಏಜೆಂಟ್, ಇಬ್ಬರು ಬದಲಿ ಎಂದರೆ 780 ನಮೂನೆ. ಅಭ್ಯರ್ಥಿ ಅಥವಾ ಚುನಾವಣಾ ಏಜೆಂಟರ ಸಹಿ ಕಚೇರಿಗೆ ಕೊಟ್ಟ ಮಾದರಿ ಸಹಿಗೆ ಹೊಂದಬೇಕು. ಮಧ್ಯರಾತ್ರಿ ಕೂತು ಅವಸರದಲ್ಲಿ ಹಾಕಿದ ಸಹಿ ಬೇರೆಯಾಗಿ, ಬೆಳಿಗ್ಗೆ ಏಜೆಂಟರನ್ನು ಒಳಗೆ ಬಿಡದಿರುವುದು ಆಗಾಗ ನಡೆಯುತ್ತದೆ. ನಾಲ್ಕು ದಿನ ಮೊದಲೇ ಸಹಿ ಮುಗಿಸಿ, ಬೂತುವಾರು ಲಕೋಟೆಯಲ್ಲಿ ಹಾಕಿಡಿ. ಲಕೋಟೆಯಲ್ಲಿ ನಮೂನೆ, ಮತದಾರರ ಪಟ್ಟಿ, ಪೆನ್ನು ಎರಡು, ಬಿಳಿ ಹಾಳೆ, ಊರಲ್ಲಿ ಇಲ್ಲದವರ ನಿಮ್ಮ ಪಟ್ಟಿ ಇರಲಿ. ಒಳಗೆ ಮೊಬೈಲ್ ಬಿಡುವುದಿಲ್ಲ.

ಮತದಾನ ಏಳಕ್ಕೆ ಎಂದರೆ ಯಂತ್ರ ಪರೀಕ್ಷಿಸುವ ಅಣಕು ಮತದಾನ ಐದೂವರೆಗೆ. ಏಜೆಂಟ್ ಐದೂಕಾಲಿಗೆ ಬಾಗಿಲಲ್ಲಿರಬೇಕು. ಬಾರದಿದ್ದರೆ ಹದಿನೈದು ನಿಮಿಷ ಕಾದು ಅಧಿಕಾರಿ ಶುರು ಮಾಡುತ್ತಾರೆ. ಕನಿಷ್ಠ 50 ಅಣಕು ಮತ ಬೀಳಬೇಕು, ಯಂತ್ರದ ಲೆಕ್ಕ ಮತ್ತು ವಿವಿ ಪ್ಯಾಟ್ (ಮತ ಯಾರಿಗೆ ಬಿತ್ತು ಎಂದು ಚೀಟಿಯಲ್ಲಿ ತೋರಿಸುವ ಯಂತ್ರ) ಚೀಟಿಗಳ ಲೆಕ್ಕ ಒಂದೇ ಆಗಬೇಕು. ಆಮೇಲೆ ಯಂತ್ರ ಸೊನ್ನೆಗೆ ಬಂದಿದೆಯೇ, ಚೀಟಿಗಳನ್ನು ಹೊರತೆಗೆದರೇ ಎಂದು ಕಣ್ಣಾರೆ ನೋಡಬೇಕು. ಮತಗಳ ಲೆಕ್ಕ ಇಡುವ ಕಂಟ್ರೋಲ್ ಯೂನಿಟ್‌ನ ಸಂಖ್ಯೆ, ಮೊಹರುಗಳ ಸಂಖ್ಯೆ ಬರೆದುಕೊಳ್ಳುವುದು ಕಡ್ಡಾಯ.

ಸುಳ್ಳು ಮತದಾರ ಬಂದರೆ ಕೂಗಾಡಬೇಡಿ. ₹2 ಕಟ್ಟಿ ಗುರುತನ್ನು ಪ್ರಶ್ನಿಸುವ ಹಕ್ಕು ಏಜೆಂಟರಿಗಿದೆ. ನಿಮ್ಮವರ ಮತವನ್ನು ಬೇರೆಯವರು ಮೊದಲೇ ಹಾಕಿ ಹೋಗಿದ್ದರೆ, ಗುರುತು ಸಾಬೀತಾದ ಮೇಲೆ ಅವರಿಗೆ ಟೆಂಡರ್ಡ್ ಮತದ ಕಾಗದ ಕೊಡಬೇಕು. ಇಂಥವು ಎಷ್ಟಾದವು ಎಂದು ಬರೆದಿಡಿ, ಕಡಿಮೆ ಅಂತರದ ಸೋಲಿನಲ್ಲಿ ಇದು ದಾಖಲೆ.

ಹೊರಗಿನ ಮೇಜು 100 ಮೀಟರ್ ಆಚೆ (2025ರವರೆಗೆ 200 ಮೀಟರ್ ಇತ್ತು). ಒಂದು ಮೇಜು, ಎರಡು ಕುರ್ಚಿ. 100 ಮೀಟರ್ ಒಳಗೆ ಮತ ಕೇಳುವುದು ಅಪರಾಧ. ಹೊರಗಿರುವವರು ಹನ್ನೊಂದಕ್ಕೆ ಒಮ್ಮೆ, ಮೂರಕ್ಕೆ ಒಮ್ಮೆ ಪಟ್ಟಿ ನೋಡಿ, ಇನ್ನೂ ಬಾರದ ನಮ್ಮವರ ಮನೆಗೆ ಹೋಗಿ ನೆನಪಿಸಬೇಕು. ಏಜೆಂಟರು, ಚಾಲಕರು, ಅಡುಗೆಯವರು ಎಲ್ಲರೂ ಮತ ಹಾಕಿದರೇ ಎಂದು ಹನ್ನೆರಡರೊಳಗೆ ಕೇಳಿ ಬಿಡುವು ಕೊಡಿ. ಸಂತೇಮರಹಳ್ಳಿಯಲ್ಲಿ ಸೋತ ಅಭ್ಯರ್ಥಿಯ ಚಾಲಕನಿಗೇ ಅಂದು ಮತ ಹಾಕಲು ಆಗಲಿಲ್ಲ ಎಂಬುದು ರಾಜ್ಯದಲ್ಲೆಲ್ಲ ಹೇಳುವ ಮಾತು.

ಮುಕ್ತಾಯದ ಹೊತ್ತಿಗೆ ನಮೂನೆ 17ಸಿ ಪ್ರತಿಯನ್ನು ಪಡೆಯದೆ ಏಜೆಂಟ್ ಎದ್ದು ಬರಬಾರದು. ಆ ಬೂತಿನಲ್ಲಿ ಒಟ್ಟು ಎಷ್ಟು ಮತ ಬಿತ್ತು ಎಂಬುದಕ್ಕೆ ನಿಮ್ಮ ಕೈಯಲ್ಲಿರುವ ಪುರಾವೆ ಅದೊಂದೇ. ಸಂಜೆಯೊಳಗೆ 260 ಪ್ರತಿಗಳೂ ಒಂದು ಕಡೆ ಸೇರಿ, ಬೂತ್ ಸಂಖ್ಯೆಯ ಕ್ರಮದಲ್ಲಿ ಜೋಡಿಸಿರಬೇಕು.

ಎಣಿಕೆ ಮತ್ತು ಅದರ ನಂತರ

ಎಣಿಕೆಗೆ ಸಾಮಾನ್ಯವಾಗಿ 14 ಮೇಜು, ಅಂದರೆ 260 ಬೂತಿಗೆ 19 ಸುತ್ತು. ಏಜೆಂಟರ ಪಟ್ಟಿಯನ್ನು ನಮೂನೆ 18ರಲ್ಲಿ ಫೋಟೊ ಸಮೇತ ಮೂರು ದಿನ ಮೊದಲು ಕೊಡಬೇಕು. ಪ್ರತಿ ಮೇಜಿಗೆ ಒಬ್ಬರು, ಚುನಾವಣಾಧಿಕಾರಿಯ ಮೇಜಿಗೆ ಒಬ್ಬರು, ಅಂಚೆ ಮತದ ಮೇಜುಗಳಿಗೂ ಒಬ್ಬೊಬ್ಬರು. ಅಂಚೆ ಮತ ಎಂಟಕ್ಕೆ ಶುರು. ಅತ್ಯಂತ ಚುರುಕಾದವರನ್ನು ಅಂಚೆ ಮತದ ಮೇಜಿಗೆ ಕೂರಿಸಿ, ಯಾವ ಲಕೋಟೆ ಯಾವ ಕಾರಣಕ್ಕೆ ತಿರಸ್ಕೃತವಾಯಿತು ಎಂದು ಬರೆಯುವುದು ಅವರ ಕೆಲಸ. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳಿಗಿಂತ ಕಡಿಮೆ ಇದ್ದರೆ ಅವುಗಳ ಮರುಪರಿಶೀಲನೆ ಆಗಲೇಬೇಕು.

ಮತಯಂತ್ರದ ಮೇಜಿನಲ್ಲಿ ಏಜೆಂಟ್ ಮೂರು ವಿಷಯ ನೋಡಿದರೆ ಸಾಕು: ಕಂಟ್ರೋಲ್ ಯೂನಿಟ್ ಸಂಖ್ಯೆ 17ಸಿಯಲ್ಲಿರುವುದೇ, ಮೊಹರು ಸರಿಯಿದೆಯೇ, ಒಟ್ಟು ಮತ ತಾಳೆಯಾಯಿತೇ. ತಾಳೆಯಾಗದಿದ್ದರೆ ಆ ಯಂತ್ರವನ್ನು ಪಕ್ಕಕ್ಕಿಡಲು ಆಗಲೇ ಲಿಖಿತವಾಗಿ ಕೇಳಿ. ಕೊನೆಗೆ ಚೀಟಿ ಎತ್ತಿ ಆರಿಸಿದ ಐದು ಬೂತುಗಳ ವಿವಿ ಪ್ಯಾಟ್ ಎಣಿಕೆ ನಡೆಯುತ್ತದೆ. ಅಲ್ಲಿಯವರೆಗೆ ಯಾರೂ ಹೊರಡಬಾರದು.

ಮರುಎಣಿಕೆ ಕೇಳುವ ಹೊತ್ತು ಬಹಳ ಚಿಕ್ಕದು. ಚುನಾವಣಾಧಿಕಾರಿ ಒಟ್ಟು ಮತಗಳನ್ನು ಓದಿ ಹೇಳಿದ ನಂತರ, ಫಲಿತಾಂಶದ ಹಾಳೆಗೆ ಸಹಿ ಹಾಕುವ ಮೊದಲು, ಅಭ್ಯರ್ಥಿ ಅಥವಾ ಏಜೆಂಟ್ ಕಾರಣ ಸಹಿತ ಬರೆದುಕೊಡಬೇಕು. ಅರ್ಜಿಯ ಹಾಳೆಯನ್ನು ಬೆಳಿಗ್ಗೆಯೇ ಅರ್ಧ ಬರೆದಿಟ್ಟುಕೊಳ್ಳಿ. ಘೋಷಣೆಯಾದ ಮೇಲೆ ಉಳಿಯುವುದು ಹೈಕೋರ್ಟಿನಲ್ಲಿ 45 ದಿನದೊಳಗೆ ಚುನಾವಣಾ ಅರ್ಜಿ. 2024ರ ಏಪ್ರಿಲ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಎರಡನೇ, ಮೂರನೇ ಸ್ಥಾನದವರು ಏಳು ದಿನದೊಳಗೆ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ಶೇ 5ರಷ್ಟು ಯಂತ್ರಗಳ ತಪಾಸಣೆ ಕೇಳಬಹುದು.

ಫಲಿತಾಂಶದ 30 ದಿನದೊಳಗೆ ವೆಚ್ಚದ ಪೂರ್ತಿ ಲೆಕ್ಕ, ಬಿಲ್ಲುಗಳು, ಬ್ಯಾಂಕ್ ವಿವರ ಜಿಲ್ಲಾ ಚುನಾವಣಾಧಿಕಾರಿಗೆ ತಲುಪಬೇಕು. ಗೆದ್ದವರು, ಸೋತವರು, ಠೇವಣಿ ಕಳೆದುಕೊಂಡವರು ಎಲ್ಲರಿಗೂ ಇದು ಅನ್ವಯ. ಸೋತ ಬೇಸರದಲ್ಲಿ ಇದನ್ನು ಬಿಟ್ಟುಬಿಟ್ಟ ಪಕ್ಷೇತರರು ಸೆಕ್ಷನ್ 10ಎ ಪ್ರಕಾರ ಮೂರು ವರ್ಷ ಅನರ್ಹರಾಗಿ, ಮುಂದಿನ ಚುನಾವಣೆಗಳಿಗೆ ನಿಲ್ಲದ ಸ್ಥಿತಿಗೆ ಬರುತ್ತಾರೆ. ಲೆಕ್ಕ ಕೊಟ್ಟು ಸ್ವೀಕೃತಿ ಪಡೆಯಿರಿ. ಸಿಂಧುವಾದ ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದಿದ್ದರೆ ಠೇವಣಿ ವಾಪಸಿಗೂ ರಸೀದಿ ಸಮೇತ ಅರ್ಜಿ ಹಾಕಿ. ಹೊಸ ನಮೂನೆ 20 ಪ್ರಕಟವಾದ ಕೂಡಲೇ ಅದನ್ನು ಇಳಿಸಿಕೊಂಡು, ಬೂತ್ ಸಮಿತಿಯವರು ಗುರುತು ಹಾಕಿದ ಪಟ್ಟಿಗಳ ಪಕ್ಕದಲ್ಲಿಟ್ಟು, ಯಾವ ಬೂತಿನ ಅಂದಾಜು ಎಷ್ಟು ತಪ್ಪಿತು ಎಂದು ನೋಡಿ.